ದೇವಿ ಬಂದ ಬ್ಯಾಂಡ್ ಸೆಟ್

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನನ್ನ ಮರ್ಯಾದೆ ಹೋಗಲು ಶುರುವಾಯಿತು. ಅಲ್ಲಿಯವರೆಗೆ ಮೊಳಕಾಲ್ಮೂರಿನ ಆ ಮದುವೆ ಮಂಟಪದಲ್ಲಿ ನಾನು ಗೌರವಾನ್ವಿತ ಸೋದರಮಾವ!

ಅಕ್ಕನ ಮಗಳ ಮದುವೆಗೆ ಬ್ಯಾಂಡ್ ಸೆಟ್ ಗೊತ್ತುಮಾಡುವ ಹೊಣೆ ನನ್ನದಾಗಿತ್ತು. ಚಳ್ಳಕೆರೆಯ ಗೋಡೆಯೊಂದರ ಮೇಲೆ ‘ಮೆಟಲ್ ಬ್ಯಾಂಡ್’ ಎಂಬ ಪೋಸ್ಟರ್ ಕಂಡಿತು. ಮೆಟಲ್ ಎಂದರೆ ಹಿತ್ತಾಳೆ ತುತ್ತೂರಿ. ಡಿಗ್ರಿ ಓದಿದ ನನಗೆ ಇದನ್ನೂ ಯಾರಾದರೂ ಹೇಳಿಕೊಡಬೇಕೇ? ಫೋನ್ ಮಾಡಿದೆ.

“ಹಳೇ ಹೆವಿ, ಥ್ರ್ಯಾಶು, ಬ್ಲ್ಯಾಕು, ಮೂರೂ ಕಲಸಿ ಬಾರಿಸ್ತೀವಿ ಸಾರ್.”

“ಹಳೇದೇ ಬೇಕು. ಹೆವಿ ಇರ್ಲಿ. ನಮಗೆ ತ್ರಾಸ್ ಆಗ್ದಿದ್ರೆ ಸಾಕು. ಬ್ಲ್ಯಾಕ್ ಮಾತ್ರ ಬ್ಯಾಡಪ್ಪ, ಮದ್ವೆ ಮನೆ. ಕೆಂಪು ಡ್ರೆಸ್ ಹಾಕ್ಕೊಂಡ್ ಬರ್ರಿ.”

ಬಂದರು. ಅಂಗಿ ಕೆಂಪೇ. ಆದರೆ ಮುಖಕ್ಕೆ ಸುಣ್ಣದ ಬಿಳಿ, ಕಣ್ಣ ಸುತ್ತ ಮಸಿ, ಸೊಂಟದವರೆಗೆ ಕೂದಲು! ಮೆಟಲ್ ಎಂದರೆ ತುತ್ತೂರಿಯಲ್ಲವಂತೆ, ಅಬ್ಬರದ ಇಂಗ್ಲಿಷ್ ರಾಕ್ ಸಂಗೀತ; ಹೆವಿ, ಥ್ರ್ಯಾಶ್, ಬ್ಲ್ಯಾಕ್ ಅದರ ಬಗೆಗಳು.

“ರೀ, ಇವ್ರು ಬಂದಿರೋದು ಮದ್ವೆಗಾ, ತಿಥಿಗಾ?” ಎಂದಳು ಹೆಂಡತಿ.

ನನಗೆ ಭಯವಾದದ್ದು ಗಂಡಿನ ಅಜ್ಜಿಯ ಬಗ್ಗೆ. ರಾಂಪುರದ ಆ ಹಿರಿಯರಿಗೆ ಈ ಸಂಬಂಧ ಮೊದಲಿನಿಂದಲೂ ಅರೆಮನಸ್ಸು. ಅವರು ಎದ್ದು ನಡೆದರೆ ಮದುವೆ ಅಲ್ಲಿಗೇ ಮುಕ್ತಾಯ.

ಡ್ರಮ್ ಸಿಡಿಯಿತು. ಗಾಯಕ ಕೂದಲು ಕೆದರಿ, ತಲೆ ಗರಗರ ತಿರುಗಿಸುತ್ತ, ಹೊಟ್ಟೆಯೊಳಗಿಂದ ಗರ್ಜಿಸಿದ. ಅಜ್ಜಿ ಎದ್ದೇಬಿಟ್ಟರು!

“ಅಮ್ಮ ವಚ್ಚಿಂದಿ! ದೇವಿ ಮೈಮೇಲೆ ಬಂದ್ಳು! ಬೇವು ತರ್ರೋ, ಅರಿಶಿನದ ನೀರು ತರ್ರೋ!”

ಬಿಂದಿಗೆ ಬಂತು. ಗಾಯಕನ ಕೈಯಲ್ಲಿ ಕರೆಂಟಿನ ಗಿಟಾರ್, ನೀರು ಬಿದ್ದರೆ ಶಾಕ್! ನಾನು ಹಾರಿ ಪ್ಲಗ್ ಕಿತ್ತೆ. ಅದು ವಿಡಿಯೋದವನ ದೀಪದ್ದು; ದೀಪ ಆರಿತು.

“ನೀರು ಬ್ಯಾಡಾ!” ಗಾಯಕ ಅದೇ ದನಿಯಲ್ಲಿ ಅಬ್ಬರಿಸಿದ.

“ತಾಯಿಗೆ ನೀರು ಬ್ಯಾಡಂತೆ,” ಅಜ್ಜಿ ಬಿಂದಿಗೆ ಇಳಿಸಿ ಕೈಮುಗಿದರು. “ಈ ಹುಡುಗಿ ನಮ್ಮನೆ ತುಂಬಬಹುದೇನವ್ವ? ನೀನೇ ಹೇಳು.”

ಅಕ್ಕನ ಕಣ್ಣಲ್ಲಿ ನೀರು. ನಾನು ಡ್ರಮ್ಮಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಗಾಯಕನ ಪ್ಯಾಂಟ್ ಜಗ್ಗಿದೆ. “ಹೂಂ ಅನ್ನಲೇ!”

“ಹೂಂಊಂ!”

ಅಜ್ಜಿ ತಾವೇ ತಾಳಿ ಎತ್ತಿ ಮೊಮ್ಮಗನ ಕೈಗಿತ್ತರು.

ಆಮೇಲೆ ಎಷ್ಟೋ ರಾತ್ರಿ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಬಿಂದಿಗೆ, ಗಿಟಾರ್. ಹೋದ ಶುಕ್ರವಾರ ಹೆಂಡತಿಗೆ ರಾಂಪುರದಿಂದ ಫೋನ್ ಬಂತು. ಅಜ್ಜಿಯ ಕಿರಿಯ ಮೊಮ್ಮಗನಿಗೂ ಮದುವೆ, ಅದೇ ಬ್ಯಾಂಡ್ ಬೇಕಂತೆ. ನಾನು ಬೆವರಿದೆ.

“ಗಾಬರಿ ಬ್ಯಾಡ್ರಿ,” ಎಂದಳು ಹೆಂಡತಿ. “ಅವ್ರೇ ಬ್ಯಾಂಡಿನೋರ ಹತ್ರ ಮಾತಾಡ್ಕೊಂಡವ್ರೆ. ದೇವಿ ಬಂದಾಗ ದೀಪ ಆರಿಸಿದ ಪಾಪಿನ ಮಾತ್ರ ಹತ್ರ ಬಿಡಬ್ಯಾಡ್ರಿ ಅಂತ ಅಜ್ಜಿ ಅಂದವ್ರಂತೆ.”

ಆ ಶುಕ್ರವಾರ ರಾತ್ರಿ ಪಾಪಿಯು ಬೆಳಗಿನವರೆಗೆ ಗೊರಕೆ ಹೊಡೆದನು!