ತೊಂಬತ್ತಾರು ಅಂಕದ ಮುಖ

ನನ್ನ ಮುಖದ ಎಡಭಾಗ ನನಗೆ ಒಂದು ಮಾತೂ ಹೇಳದೆ ರಜೆ ಹಾಕಿತು. ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದೆ. ನೀರು ಎಡತುಟಿಯ ಮೂಲೆಯಿಂದ ಧಾರೆಯಾಗಿ ಇಳಿದು ಬನಿಯನ್ನನ್ನು ತೋಯಿಸಿತು.

"ಬಾಯಿ ಮುಕ್ಕಳಿಸೋಕೂ ಬರಲ್ವೇನ್ರೀ? ಇಷ್ಟು ವಯಸ್ಸಾದ ಮೇಲೂ..." ಎನ್ನುತ್ತ ಬಂದ ನನ್ನ ಹೆಂಡತಿ ನನ್ನ ಮುಖ ನೋಡಿ ಅಲ್ಲಿಗೇ ನಿಂತಳು. (ವ್ಯಾಕರಣದ ಮೇಷ್ಟ್ರಾಗಿ ದಾಖಲಿಸುತ್ತೇನೆ: ನಮ್ಮ ದಾಂಪತ್ಯದಲ್ಲಿ ಅವಳು ಕ್ರಿಯಾಪದ ಸೇರಿಸದೆ ಬಿಟ್ಟ ಮೊದಲ ಬೈಗುಳ ಅದು.)

ಡಾಕ್ಟರು ಪರೀಕ್ಷೆ ಮಾಡಿ, "ಹೆದರೋದು ಬೇಡ. ಮುಖದ ನರ ಊದ್ಕೊಂಡಿದೆ. ಔಷಧಿ ತಗೊಳ್ಳಿ, ವ್ಯಾಯಾಮ ಮಾಡಿ, ಸರಿಹೋಗುತ್ತೆ" ಎಂದು ಕೆಳಮಹಡಿಯ ಫಿಸಿಯೋಥೆರಪಿ ಕೋಣೆಗೆ ಕಳುಹಿಸಿದರು. ಅಲ್ಲಿ ಬಿಳಿಯ ಕೋಟು ತೊಟ್ಟು ಕುಳಿತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ! ಸಂಧಿಯನ್ನೂ ಸಮಾಸವನ್ನೂ ಒಂದೇ ಮೂಟೆಯಲ್ಲಿ ಕಟ್ಟುತ್ತಿದ್ದ ಹುಡುಗಿ.

"ಸರ್, ಎಲ್ಲಿ, ಒಂದ್ಸಲ ನಗಿ" ಎಂದಳು.

ನಕ್ಕೆ. ಬಲಗೆನ್ನೆ ಕಿವಿಯವರೆಗೆ ಹೋಗಿಬಂದಿತು. ಎಡಗೆನ್ನೆ, ಗೋಡೆಗೊರಗಿ ನಿಂತ ಕೊನೆಯ ಬೆಂಚಿನ ಹುಡುಗನಂತೆ, ಅಲುಗಾಡಲಿಲ್ಲ.

ಅವಳು ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅದರ ಮುಂದೆ ಹುಬ್ಬೇರಿಸಬೇಕು, ಕೆನ್ನೆ ಉಬ್ಬಿಸಬೇಕು, ತುಟಿ ಚೂಪು ಮಾಡಬೇಕು, ನಗಬೇಕು. ಕ್ಯಾಮೆರಾ ಮುಖದ ತುಂಬ ಹಸಿರು ಚುಕ್ಕಿಗಳನ್ನಿಟ್ಟು, ಎಡಭಾಗ ಬಲಭಾಗಕ್ಕೆ ಎಷ್ಟು ಹೋಲುತ್ತದೆಂದು ಅಳೆದು ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಅಂಕ ಮಾತ್ರ ಅವಳ ಕಂಪ್ಯೂಟರಿಗೆ ಹೋಗುತ್ತದೆ.

"ಹಳೇ ವಿದ್ಯಾರ್ಥಿಗಳ ಸಮಾರಂಭಕ್ಕೆ ನೀವೇ ಅಧ್ಯಕ್ಷರು ಸರ್. ತೊಂಬತ್ತು ದಾಟಿಸಿ. ಇಲ್ದಿದ್ರೆ ವೇದಿಕೆ ಮೇಲೆ ನಿಮಗೇ ಕಷ್ಟ. ಆಗ ಅಧ್ಯಕ್ಷತೆಗೆ ಡ್ರಾಯಿಂಗ್ ಮೇಷ್ಟ್ರನ್ನ ಕೇಳಿ ನೋಡ್ತೀವಿ."

ಡ್ರಾಯಿಂಗ್ ಮೇಷ್ಟ್ರು! ನನ್ನ ಸರ್ವಿಸಿನುದ್ದಕ್ಕೂ ಪಕ್ಕದ ತರಗತಿಯಲ್ಲಿ ಹಲ್ಲು ಕಿರಿದು ಕಿರಿದೇ ಜನಪ್ರಿಯನಾದ ಆಸಾಮಿ. ಮಕ್ಕಳು ಅವನ ಹಿಂದೆ ಹಿಂಡುಗಟ್ಟಿ ಹೋಗುತ್ತಿದ್ದವು. ನನ್ನನ್ನು ಕಂಡರೆ ಮೂತ್ರಾಲಯಕ್ಕೆ ಹೋಗುತ್ತಿದ್ದವು. ಆ ಕುರ್ಚಿಯನ್ನು ಅವನಿಗೆ ಬಿಡುವುದೇ? ನನ್ನಲ್ಲಿ ಪ್ರಾಣವಿರುವ ತನಕ, ಅರ್ಧ ಮುಖವಿರುವ ತನಕ, ಸಾಧ್ಯವಿಲ್ಲ!

ಮೊಬೈಲನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ ಸಾಧನೆಗೆ ತೊಡಗಿದೆ. ನಲವತ್ತು. ಮರುದಿನ ಮೂವತ್ತೊಂಬತ್ತು. ಬಲಗೆನ್ನೆ ಉತ್ಸಾಹದಿಂದ ಏರಿದಷ್ಟೂ ಎಡಗೆನ್ನೆಯ ಮಾನ ಹೋಗುತ್ತಿತ್ತು.

"ಏನ್ರೀ ಅದು, ಪಾತ್ರೆಗಳನ್ನ ಅಣಕಿಸ್ತಾ ಇದೀರಾ?"

"ನಗ್ತಾ ಇದೀನಿ ಕಣೆ!"

"ಅಯ್ಯೋ, ಮೊದಲೇ ಹೇಳ್ಬಾರ್ದಾ? ನಾನೆಲ್ಲೋ ಹಲ್ಲುನೋವು ಅಂದ್ಕೊಂಡೆ. ಯಾವತ್ತೂ ನೋಡಿಲ್ವಲ್ಲ, ಗುರುತು ಸಿಗ್ಲಿಲ್ಲ."

ಇದು ಅನ್ಯಾಯದ ಮಾತು. ನಾನೂ ನಗುತ್ತಿದ್ದೆ, ಒಳಗೇ ನಗುತ್ತಿದ್ದೆ. ಮಕ್ಕಳು ಬರೆದ ಉತ್ತರಗಳನ್ನು ಓದುವಾಗ ಹೊಟ್ಟೆ ಹುಣ್ಣಾಗುತ್ತಿತ್ತು. ಆದರೆ ಮೇಷ್ಟ್ರ ನಗು ಹೊರಗೆ ಬಿದ್ದರೆ ತರಗತಿ ಕೈತಪ್ಪುತ್ತದೆಂದು ಅದನ್ನು ಹಲ್ಲಿನ ಹಿಂದೆಯೇ ತಡೆಹಿಡಿಯುತ್ತಿದ್ದೆ. ಹುಡುಗರು ನನಗೆ 'ಗಂಟುಮೋರೆ ಮೇಷ್ಟ್ರು' ಎಂದು ಹೆಸರಿಟ್ಟದ್ದೂ ನನಗೆ ಗೊತ್ತು. (ಒಳಗೇ ನಕ್ಕಿದ್ದೆ.)

ಒಂದು ಸಂಜೆ ಸೋತು ಸುಣ್ಣವಾಗಿ, ಮುಖವನ್ನೆಲ್ಲ ಸಡಿಲಬಿಟ್ಟು, ಸುಮ್ಮನೆ ಮೊಬೈಲನ್ನು ದಿಟ್ಟಿಸಿದೆ. ಹಸಿರು ಚುಕ್ಕಿಗಳು ಮಿನುಗಿದವು. ತೊಂಬತ್ತೊಂದು! ಕೆಳಗೆ 'ಅದ್ಭುತ' ಎಂಬ ಪ್ರಶಸ್ತಿ ಬೇರೆ.

ನನ್ನ ತಲೆಯಲ್ಲಿ ದೀಪ ಹೊತ್ತಿತು. ಯಂತ್ರಕ್ಕೆ ಬೇಕಾದದ್ದು ನಗುವಲ್ಲ, ಸಮಾನತೆ! ಎಡಗೆನ್ನೆ ಬಲಗೆನ್ನೆಯಂತೆ ಏರದಿದ್ದರೇನು, ಬಲಗೆನ್ನೆ ಎಡಗೆನ್ನೆಯಂತೆ ಇಳಿಯಬಹುದಲ್ಲ! ದಡ್ಡ ಹುಡುಗ ಜಾಣನನ್ನು ನೋಡಿ ಬರೆಯುವುದನ್ನು ಎಷ್ಟೋ ಸಲ ಹಿಡಿದಿದ್ದೇನೆ. ಜಾಣನೇ ದಡ್ಡನನ್ನು ನೋಡಿ ಬರೆದು ಪ್ರಥಮ ದರ್ಜೆ ಗಿಟ್ಟಿಸಿದ್ದನ್ನು ಅಂದೇ ಕಂಡದ್ದು.

ಅಂದಿನಿಂದ ನನ್ನ ಸಾಧನೆಯೆಂದರೆ ಬಲಗೆನ್ನೆಯನ್ನು ಸೋಮಾರಿಯಾಗಿಸುವುದು. ತೊಂಬತ್ತಮೂರು, ತೊಂಬತ್ತೈದು, ಕೊನೆಗೆ ತೊಂಬತ್ತಾರು!

"ಮುಖದಲ್ಲಿ ಏನೂ ನಡೀತಾನೇ ಇಲ್ವಲ್ರೀ" ಎಂದಳು ಹೆಂಡತಿ.

"ನಿನ್ನ ಕಣ್ಣಿಗೆ ಕಾಣಲ್ಲ. ಅದು ವಿಜ್ಞಾನ."

"ಹಾಗಾದ್ರೆ ಆ ವಿಜ್ಞಾನಕ್ಕೇ ಹೇಳಿ, ಗಲ್ಲದ ಮೇಲಿಂದ ಕಾಫಿ ಇಳೀತಾ ಇದೆ, ಒರೆಸ್ಲಿ."

ಫಿಸಿಯೋಥೆರಪಿ ಹುಡುಗಿ ಅಂಕ ನೋಡಿ ಫೋನಿನಲ್ಲೇ ಕುಣಿದಾಡಿದಳು. ಅಧ್ಯಕ್ಷ ಸ್ಥಾನ ನನಗೇ ಖಾಯಂ ಆಯಿತು.

ಸಮಾರಂಭದ ದಿನ ಶಾಲೆಯ ಸಭಾಂಗಣ ತುಂಬಿತ್ತು. ನಾನು ಹೂದಾನಿಯ ಹಿಂದೆ, ಎರಡೂ ಕೆನ್ನೆಗಳನ್ನು ಸಮಪ್ರಮಾಣದಲ್ಲಿ ಜೋತುಬಿಟ್ಟು, ತೊಂಬತ್ತಾರು ಅಂಕದ ಗಾಂಭೀರ್ಯದಿಂದ ಕುಳಿತೆ. ಮುಂದಿನ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ಫಿಸಿಯೋಥೆರಪಿ ಹುಡುಗಿ, ಅವಳಾಚೆ ಡ್ರಾಯಿಂಗ್ ಮೇಷ್ಟ್ರು. ಹಲ್ಲೆಲ್ಲ ಹಾಜರು.

ಸ್ವಾಗತ ಭಾಷಣಕ್ಕೆ ನಿಂತವನು ಈಗ ಬಸ್ ಡ್ರೈವರ್ ಆಗಿರುವ ಹಳೆಯ ತುಂಟ. ಮೈಕು ಹಿಡಿದವನೇ ನನ್ನತ್ತ ತಿರುಗಿ, ಕಣ್ಣಿಟ್ಟು ನೋಡಿ, ಹೃದಯ ತುಂಬಿ ಹೇಳಿದ:

"ನಮ್ಮ ಸರ್ ಮುಖಕ್ಕೆ ಏನೋ ಕಾಯಿಲೆ ಅಂತ ಯಾರೋ ಹೇಳಿದ್ರು. ಎಂಥಾ ಕಾಯಿಲೆ? ನೀವೇ ನೋಡಿ! ಆವತ್ತು ಕ್ಲಾಸಲ್ಲಿ ಹೇಗಿತ್ತೋ ಇವತ್ತೂ ಹಾಗೇ ಇದೆ ಆ ಮುಖ! ಒಂಚೂರೂ ಬದಲಾಗಿಲ್ಲ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಇಷ್ಟು ದಿನ ನಾನು ಬೆವರು ಸುರಿಸಿ ಸಂಪಾದಿಸಿದ್ದು ಈ ಮುಖವನ್ನೇ? ಇದನ್ನು ನಾನು ಪುಕ್ಕಟೆಯಾಗಿ ಇಟ್ಟುಕೊಂಡೇ ನಿವೃತ್ತನಾಗಿದ್ದೆನಲ್ಲ! ಹೊಟ್ಟೆಯಿಂದ ಏನೋ ಮೇಲೆದ್ದು ಬಂದಿತು. ತಡೆಯಲು ನೋಡಿದೆ, ಎಡಭಾಗದಲ್ಲಿ ಬಾಗಿಲೇ ಇರಲಿಲ್ಲ. ಹೊರಬಿದ್ದೇಬಿಟ್ಟಿತು. ಬಲಗೆನ್ನೆ ಕಿವಿಗೇರಿತು, ಎಡಗೆನ್ನೆ ಅಲ್ಲೇ ಉಳಿಯಿತು, ನಡುವಿನಿಂದ ಒಂದು ವಿಚಿತ್ರ ಸದ್ದು ಹೊರಟಿತು.

ಚಪ್ಪಾಳೆ ನಿಂತಿತು.

"ಅಯ್ಯೋ! ಸರ್‌ಗೆ ಏನೋ ಆಗ್ತಿದೆ!" ಎಂದು ಡ್ರೈವರ್ ಮೈಕಿನಲ್ಲೇ ಕಿರುಚಿದ. "ಹಿಡ್ಕೊಳ್ರೋ! ಮಲಗಿಸ್ರೋ!"

ಒಬ್ಬ ಕಾಲು ಹಿಡಿದ, ಇನ್ನೊಬ್ಬ ತಲೆ ಹಿಡಿದ, ಮತ್ತೊಬ್ಬ ಹೂದಾನಿಯ ನೀರನ್ನು ಮುಖಕ್ಕೆ ಚಿಮುಕಿಸಿದ. "ನಗು... ನಗು..." ಎಂದೆ. 'ಮಗು, ಮಗು ಅಂತಿದಾರೆ, ಪಾಪ' ಎಂದು ಯಾರೋ ಕಣ್ಣೊರೆಸಿಕೊಂಡರು. ನನಗೆ ಇನ್ನಷ್ಟು ನಗು ಬಂದಿತು. ಅವರು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

"ಬಿಡ್ರಪ್ಪಾ ಅವರನ್ನ!" ಹೆಂಡತಿ ಜನರನ್ನು ಸರಿಸಿಕೊಂಡು ಬಂದಳು. "ಏನೂ ಆಗಿಲ್ಲ, ನಗ್ತಿದಾರೆ! ನಾನೂ ಮೊದಲ ಸಲ ಗಾಬರಿ ಬಿದ್ದಿದ್ದೆ."

ಫಿಸಿಯೋಥೆರಪಿ ಹುಡುಗಿ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. "ನಲವತ್ತೆರಡು! ನಿನ್ನೆ ತೊಂಬತ್ತಾರು ಇತ್ತಲ್ಲ ಸರ್?"

"ನಿನ್ನೆ ಅವರು ಪರೀಕ್ಷೆ ಬರೆದಿದ್ರು ಕಣಮ್ಮ" ಎಂದಳು ನನ್ನ ಧರ್ಮಪತ್ನಿ. "ಇವತ್ತು ನಕ್ಕರು, ಅಷ್ಟೇ."

ಹುಡುಗಿ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದಳು. ನಕಲು ಹಿಡಿದ ಮೇಷ್ಟ್ರ ಆ ನೋಟ ನನಗೆ ಚೆನ್ನಾಗಿ ಪರಿಚಿತ. ಅವಳಿಗೆ ಅದನ್ನು ಕಲಿಸಿದವನೇ ನಾನು.

ಅಧ್ಯಕ್ಷ ಭಾಷಣವನ್ನು ಡ್ರಾಯಿಂಗ್ ಮೇಷ್ಟ್ರು ಮಾಡಿದರು. ಬಹಳ ಚೆನ್ನಾಗಿತ್ತಂತೆ. ನನಗೆ ಕೇಳಲಾಗಲಿಲ್ಲ. ಪಕ್ಕದ ಖಾಲಿ ತರಗತಿಯಲ್ಲಿ, ಕೊನೆಯ ಬೆಂಚಿನ ಮೇಲೆ, ಮೊಬೈಲಿನೆದುರು ಎಡಗೆನ್ನೆಯನ್ನು ಬೆರಳಿನಿಂದ ಎತ್ತಿಹಿಡಿದು ನಗುತ್ತಿದ್ದೆ. ಬಾಗಿಲಲ್ಲಿ ಹೆಂಡತಿ ಕಾವಲು. "ಪಕ್ಕದ ಕೆನ್ನೆ ನೋಡಿ ಬರೀಬೇಡಿ!" ಎಂದು ಆಗಾಗ ಗದರುತ್ತಿದ್ದಳು.