ಎರಡು ಬಂಡಿ ಕರಿಕಿ

ಮನೆ ಕಟ್ಟಿಸಿದವರ ಬಾಯಲ್ಲಿ ಕಥೆಗಳಿಗೆ ಬರವಿಲ್ಲ. ನಮ್ಮ ಕಥೆಗಳು ಮಾತ್ರ ಮನೆ ಮುಗಿದ ಮೇಲೆ ಶುರುವಾದವು. ಎಪ್ಪತ್ತರ ದಶಕದ ಕೊನೆಗೆ ಬೆಟಗೇರಿಯಲ್ಲಿ ಮನೆ ಕಟ್ಟಿಸಿದಾಗ ಅಂಗಳದಲ್ಲಿ ಉಳಿದದ್ದು ಇಟ್ಟಂಗಿ ಚೂರು ಮತ್ತು ಬರೀ ಮಣ್ಣು. ಚಳಿಗಾಲದ ಒಣಗಾಳಿಗೆ ಧೂಳು ಊಟದ ತಾಟಿನವರೆಗೂ ಬರುತ್ತಿತ್ತು. ನಮ್ಮ ಯಜಮಾನರು ಯಾವುದೋ ಸರ್ಕಾರಿ ಬಂಗಲೆಯ ಮುಂದೆ ಹುಲ್ಲಿನ ಹಾಸು ನೋಡಿ ಬಂದಿದ್ದರು. "ನಮ್ಮಲ್ಲೂ ಹಂಗ ಹಾಸೋಣು" ಎಂದರು.

೧. ಎಷ್ಟು ಗಣಪ್ಪ?

ಡಂಬಳದ ಕೆರೆಯಂಚಿಗೆ ಕರಿಕಿ, ಅಂದರೆ ಗರಿಕೆ ಹುಲ್ಲು, ದಟ್ಟವಾಗಿದೆ ಎಂದು ಕೇಳಿ, ಯಜಮಾನರು ಅಲ್ಲಿಯ ರೈತರೊಬ್ಬರನ್ನು ಹಿಡಿದರು.

"ಕರಿಕಿ ಬೇಕಾಗಿತ್ತರಿ."

"ಪೂಜಿಗೇನ್ರಿ? ಒಂದ ಹಿಡಿ ಸಾಕಲ್ಲ?"

"ಎರಡ ಬಂಡಿ ಬೇಕ್ರಿ. ಬುಡದ ಮಣ್ಣ ಸೈತ."

ರೈತರು ತಲೆಯ ರುಮಾಲು ತೆಗೆದರು. "ಎಷ್ಟ ಗಣಪ್ಪನ್ನ ಕುಂಡ್ರಿಸೀರಿ ಸಾಹೇಬ್ರ?"

ಅಂತೂ ಬಂಡಿಗಳು ಬಂದವು. ಮುಂದಿನ ಬಂಡಿಯ ಕರಿಕಿ ಅರ್ಧಕ್ಕೆ ಇಳಿದಿತ್ತು. ಹಿಂದಿನ ಬಂಡಿಯ ಎತ್ತುಗಳು ದಾರಿಯುದ್ದಕ್ಕೂ ಅದನ್ನೇ ಮೇಯುತ್ತ ಬಂದಿದ್ದವು.

ರೈತರಿಗೆ ಮಾತ್ರ ಖುಷಿ: "ಇವತ್ತ ಎತ್ತ ಭಾಳ ಹುಮ್ಮಸ್ಸಿಲೆ ನಡದ್ವು ನೋಡ್ರಿ!"

೨. ಮಟ್ಟ

ಹಾಸುವ ಕೆಲಸವನ್ನು ಮನೆ ಕಟ್ಟಿದ ಗೌಂಡಿ ಚಾಚಾ ತಾವೇ ವಹಿಸಿಕೊಂಡರು. ದಾರ ಕಟ್ಟಿ, ಹೆಂಟೆ ಹೆಂಟೆಯಾಗಿ, ಫರಸಿ ಕಲ್ಲಿನಂತೆಯೇ ಹಾಸಿದರು.

"ಚಲೋ ಕುಂತೈತ್ರಿ. ಸಂದಿಗೆ ಸಿಮಿಟ್ ಕಲಸಲೇನು?"

"ಬ್ಯಾಡ ಚಾಚಾ, ಅದು ಬೆಳೀಬೇಕು."

ಚಾಚಾ ಗಾಬರಿಯಾದರು. "ಬೆಳದ್ರ ಮಟ್ಟ ತಪ್ಪತೈತಲ್ರಿ!"

೩. ಕೌದಿಯೊಳಗಿನವರು

ಥಂಡಿಗೆ ಎಳೆ ಚಿಗುರು ಸುಟ್ಟೀತೆಂದು ಯಜಮಾನರು ಮನೆಯ ಕೌದಿಗಳನ್ನೆಲ್ಲ ಅಂಗಳಕ್ಕೆ ಹೊದಿಸಿದರು. ಬೆಳಿಗ್ಗೆ ಪಕ್ಕದ ಮನೆಯ ನೇಕಾರರ ಅಜ್ಜಿ ಒಂದು ಲೋಟ ಚಹಾ ಹಿಡಿದು ನೇರ ನನ್ನ ಅಡುಗೆಮನೆಗೇ ಬಂದರು.

"ನೋಡವಾ, ಗಂಡಸರು ತಪ್ಪ ಮಾಡ್ತಾರ. ಆದ್ರ ಇಂಥಾ ಥಂಡ್ಯಾಗ ಹೊರಗ ಮಲಗಿಸಬಾರದು. ಈ ಚಾ ನೀನ ಕೊಟ್ಟು ಒಳಗ ಕರಕೊಂಡ ಬಾ."

"ಅಯ್ಯ ಅಜ್ಜಿ, ಕೌದ್ಯಾಗ ಇರೋದು ಹುಲ್ಲು!"

ಅಜ್ಜಿ ನನ್ನ ಗಲ್ಲ ಸವರಿದರು. "ಸಿಟ್ಟಿನ್ಯಾಗೂ ಹಂಗ ಅನಬಾರದವಾ. ಎಷ್ಟಂದ್ರೂ ಗಂಡ."

೪. ಎರಡು ದಿನದ ದುಡಿತ

ಸಂಕ್ರಾಂತಿ ದಾಟುವ ಹೊತ್ತಿಗೆ ಕರಿಕಿ ಬೇರು ಹಿಡಿದು ಅಂಗಳ ಹಸಿರಾಯಿತು. ಯಜಮಾನರು ಶಾಲೆಯಲ್ಲಿ ಪಾಠ ಮುಗಿಸಿ ಬಂದವರೇ ಚಪ್ಪಲಿ ಬಿಟ್ಟು ಅದರ ಮೇಲೆ ಅಡ್ಡಾಡುತ್ತಿದ್ದರು. ಆಗ ಲಕ್ಷ್ಮೇಶ್ವರದಲ್ಲಿ ಒಂದು ಮದುವೆ ಬಂತು. ಮನೆ ಕಾಯಲು ಹಿರೇವಡ್ಡಟ್ಟಿಯಿಂದ ಅತ್ತೆಯವರನ್ನು ಕರೆಸಿ ಇಬ್ಬರೂ ಹೋದೆವು.

ಮೂರನೆಯ ದಿನ ಬಂದು ನೋಡಿದರೆ ಅಂಗಳದಲ್ಲಿ ಒಂದು ಎಸಳು ಹಸಿರಿಲ್ಲ. ನುಣ್ಣಗೆ ಗುಡಿಸಿ, ನೀರು ಚಿಮುಕಿಸಿ, ನಡುವೆ ರಂಗೋಲಿ ಹಾಕಿತ್ತು. ಯಜಮಾನರು ಚೀಲ ಹಿಡಿದು ಗೇಟಿನಲ್ಲೇ ನಿಂತುಬಿಟ್ಟರು.

ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆಯವರ ಮುಖದಲ್ಲಿ ಬೆಳದಿಂಗಳು. "ಇಬ್ಬರೂ ನೌಕರಿ ಮಾಡೋರು, ನಿಮಗ ಪುರಸೊತ್ತರ ಎಲ್ಲೈತಿ? ಅಂಗಳ ತುಂಬ ಕರಿಕಿ ಹಬ್ಬಿತ್ತಪಾ. ಎರಡ ದಿನ ಕುಂತು ಬೇರ ಸೈತ ಕಿತ್ತೇನಿ." ಅಂಗೈ ಚಾಚಿದರು. ತುಂಬ ಬೊಬ್ಬೆ.

ಯಜಮಾನರ ಬಾಯಿ ತೆರೆಯಿತು. ಬೊಬ್ಬೆಗಳನ್ನು ನೋಡಿ ಮುಚ್ಚಿತು. "ಚಲೋ ಮಾಡಿದಿ ಬೇ" ಎಂದು ಒಳಗಿನಿಂದ ಕೊಬ್ಬರಿ ಎಣ್ಣೆ ತಂದರು.

ಮಗನ ಮೆಚ್ಚುಗೆಗೆ ಅತ್ತೆ ಇನ್ನಷ್ಟು ಉಬ್ಬಿದರು. "ಖರೇನ ಹೇಳ್ತೇನಿ ತಮ್ಮಾ, ಯಾವನೋ ಹುಚ್ಚ ಬೇಕಂತನ ನೆಟ್ಟಂಗ ಇತ್ತು!"

ಆ ಹುಚ್ಚರು ತಾಯಿಯ ಅಂಗೈಗೆ ಮೆಲ್ಲಗೆ ಎಣ್ಣೆ ಸವರುತ್ತ, "ಹೌದ ಬೇ, ಯಾವನೋ ಹುಚ್ಚನ ಇರಬೇಕು" ಎಂದರು.