ಕೀಲಿ ಹಾಕಿದ ಮನೆಯ ಫೋನು

ಅಂಬಾದಾಸನ ಮಾನ ಹೋದದ್ದು ಅರ್ಧ ಕಿಲೋ ಜಿಲೇಬಿಯಿಂದ ಎಂದು ಹೈದರಾಬಾದಿನ ಕುಷಾಯಿಗೂಡದ ಆ ಓಣಿಯವರು ಹೇಳುತ್ತಾರೆ. ಅದು ಅಷ್ಟು ಸರಿಯಲ್ಲ. ಹೋದದ್ದು ತಾಮ್ರದ ತಂತಿ ಹೋದದ್ದರಿಂದ.

ಅಂಬಾದಾಸ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದು ನಿವೃತ್ತನಾದವನು. ಅವನ ಮನೆಗೆ ಲ್ಯಾಂಡ್‌ಲೈನ್ ಬಂದು ಮೂವತ್ತು ವರ್ಷ. ಮೊಬೈಲು ಇಲ್ಲದ ಕಾಲದಲ್ಲಿ ಓಣಿಯ ಅರ್ಧ ಮಂದಿ ತಮ್ಮ ಮನೆಯ ಲಗ್ನಪತ್ರಿಕೆಯ ಮೇಲೆ ಅವನ ನಂಬರು ಹಾಕಿಸಿ, ಮುಂದೆ ‘ಪಿ.ಪಿ.’ ಎಂದು ಬರೆಸುತ್ತಿದ್ದರು. ಅಂದರೆ ಫೋನು ಅಂಬಾದಾಸನದು, ಮಾತು ಇನ್ನೊಬ್ಬರದು. ಲುಂಗಿ ಎತ್ತಿ ಕಟ್ಟಿಕೊಂಡು ಓಡಿಹೋಗಿ ಅವರನ್ನು ಕರೆತರುವ ಕೆಲಸ ಮತ್ತೆ ಅಂಬಾದಾಸನದು.

ಹೆಂಡತಿ ವಿಜಯಶ್ರೀಗೆ ಆ ನಂಬರಿನ ಮೇಲೆ ಭಾರೀ ನಂಬಿಕೆ. ಟಿಫಿನ್ ಡಬ್ಬಿ, ಛತ್ರಿ, ಕೀಲಿಕೈ ಗೊಂಚಲು, ಹೀಗೆ ಕಳೆಯಬಹುದಾದ ಎಲ್ಲದರ ಮೇಲೂ ಅದನ್ನು ಬರೆದಿದ್ದಳು. ಬರೆಯದೆ ಬಿಟ್ಟದ್ದು ಗಂಡನ ಮೇಲೆ ಮಾತ್ರ. ಅವನಿಗೆ ಸಕ್ಕರೆ ಕಾಯಿಲೆ. ತಾನು ಊರಲ್ಲಿಲ್ಲದಾಗ ದಿನಕ್ಕೆ ಮೂರು ಸಲ ಅವಳು ಮನೆಯ ಫೋನಿಗೇ ಕರೆ ಮಾಡುತ್ತಿದ್ದಳು.

“ಮೊಬೈಲ್‌ನ್ಯಾಗ ನೀವು ಮಿಠಾಯಿ ಅಂಗಡಿ ಮುಂದ ನಿಂತು ‘ಮನ್ಯಾಗ ಅದೀನಿ’ ಅಂತೀರಿ. ಈ ಫೋನು ಗೂಟಕ್ಕ ಕಟ್ಟಿದ ಎಮ್ಮಿ ಇದ್ದಂಗ. ಎಲ್ಲೂ ಹೋಗಂಗಿಲ್ಲ.”

ಆ ಗೂಟವನ್ನು ಕಿತ್ತವನು ಫೋನ್ ಕಂಪನಿಯ ಕಾರ್ತಿಕ. ತಾಮ್ರದ ಲೈನು ಇನ್ನು ಇರುವುದಿಲ್ಲ, ಮಾತೆಲ್ಲ ಇಂಟರ್ನೆಟ್ಟಿನ ಮೇಲೆಯೇ ಎಂದು ಕಾಗದ ಬಂದಿತ್ತು. ಶನಿವಾರ ಬಂದ ಕಾರ್ತಿಕ ಹಳೆಯ ಕಪ್ಪು ತಂತಿಯನ್ನು ಜಗ್ಗಿ ಸುತ್ತಿಕೊಂಡ. ಗೋಡೆಗೆ ಹಸಿರು ದೀಪದ ಡಬ್ಬಿ ಕೂಡಿಸಿದ. ಹಳೆಯ ಫೋನನ್ನೇ ಅದಕ್ಕೆ ಜೋಡಿಸಿದ.

“ನಂಬರ್ ಅದೇ ಇರ್ತದ್ರಿ ಸಾರ್. ಮತ್ತ ಈ ಆ್ಯಪ್ ಹಾಕ್ಕೊಂಡ್ರ ಇದೇ ನಂಬರ್ ನಿಮ್ಮ ಮೊಬೈಲ್‌ನ್ಯಾಗೂ ಹೊಡಕೋತದ. ನೀವ್ ಎಲ್ಲೇ ಇರ್ರಿ, ಮನ್ಯಾಗ ಎತ್ತಿದಂಗೇ.”

ಅಡುಗೆಮನೆಯಲ್ಲಿ ಮಿಕ್ಸರ್ ಸದ್ದು ಮಾಡುತ್ತಿತ್ತು. ಅಂಬಾದಾಸ ಒಮ್ಮೆ ಅತ್ತ ನೋಡಿ, ತನ್ನ ಮೊಬೈಲನ್ನು ಕಳ್ಳಮಾಲು ಕೊಡುವವನಂತೆ ಕಾರ್ತಿಕನ ಕೈಗಿಟ್ಟ. “ಹಾಕು. ಸಾವಕಾಶ ಮಾತಾಡಪಾ.”

ಭಾನುವಾರ ವಿಜಯಶ್ರೀ ಕೊಂಡಾಪುರದ ಮಗಳು ಶೀತಲಳ ಮನೆಗೆ ಹೋದಳು. “ನಾಳೆ ಸಕ್ಕರಿ ಪರೀಕ್ಷಾಕ್ಕ ರಕ್ತಾ ಕೊಡೋದೈತಿ, ನೆಪ್ಪಿರಲಿ,” ಎಂದು ಹೇಳಿಯೇ ಆಟೋ ಹತ್ತಿದ್ದಳು. ಆಟೋ ಮರೆಯಾಗುವ ಹೊತ್ತಿಗೆ ಪಕ್ಕದ ಮನೆಯ ಬೂದೆಪ್ಪ ಬಂದ.

“ಅಂಬಾದಾಸಣ್ಣಾ, ಇವತ್ತು ಸಂಜಿಮುಂದ ಬೀದರದಿಂದ ನಮ್ಮ ಸುವರ್ಣಾನ್ನ ನೋಡಾಕ ಬರ್ತಾರ. ಹುಡುಗನ ಅಜ್ಜ ಮಲ್ಲಣ್ಣನವರು ಹಳೀ ಮನಶ್ಯಾ. ನನ್ನ ಮೊಬೈಲ್‌ಗೆ ನೆಟ್‌ವರ್ಕ್ ಸಿಗಂಗಿಲ್ಲಂತ ನಿಮ್ಮ ನಂಬರೇ ಕೊಟ್ಟೀನಿ. ಎಲ್ಲೂ ಹೋಗಬ್ಯಾಡ್ರಿ. ಎರಡು ಸಂಬಂಧ ಆಗಲೇ ಮುರದಾವು.”

“ನಾ ಎಲ್ಲಿ ಹೋಗಲೋ ಮಾರಾಯಾ,” ಎಂದ ಅಂಬಾದಾಸ. ಮೂರು ಗಂಟೆಗೆ ಬಿಳಿ ಬೂಟು ಹಾಕಿಕೊಂಡು, ಬಾಗಿಲಿಗೆ ಕೀಲಿ ಜಡಿದು, ನಾಂಪಲ್ಲಿಯ ವಸ್ತುಪ್ರದರ್ಶನಕ್ಕೆ, ಅಂದರೆ ನುಮಾಯಿಷಿಗೆ ಹೊರಟ. ಫೋನು ಕಿಸೆಯಲ್ಲೇ ಇತ್ತಲ್ಲ, ಕೊಟ್ಟ ಮಾತು ಮುರಿದಂತೆ ಅವನಿಗೆ ಅನ್ನಿಸಲಿಲ್ಲ.

ನುಮಾಯಿಷಿನಲ್ಲಿ ಅವನು ಕಂಬಳಿ ನೋಡಲಿಲ್ಲ, ಕಪಾಟು ನೋಡಲಿಲ್ಲ. ನೇರ ಜಿಲೇಬಿ ಅಂಗಡಿಗೆ ಹೋಗಿ, ಕೀಲಿಕೈ ಗೊಂಚಲನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡ. ನಾಲ್ಕನೆಯ ಜಿಲೇಬಿಗೆ ಕಿಸೆಯಲ್ಲಿ ಮನೆಯ ಫೋನು ಹೊಡೆದುಕೊಂಡಿತು.

“ಏನ್ ಮಾಡಾಕತ್ತೀರಿ?” ವಿಜಯಶ್ರೀ.

“ಕುಂತೀನಿ.”

ತಲೆಯ ಮೇಲಿನ ಲೌಡ್‌ಸ್ಪೀಕರು ಅದೇ ಹೊತ್ತಿಗೆ, ಕೆಂಪು ಅಂಗಿಯ ಮಗುವೊಂದು ತಪ್ಪಿಸಿಕೊಂಡಿದೆ ಎಂದು ತೆಲುಗಿನಲ್ಲಿ ಕೂಗಿತು.

“ಅದೇನ್ರೀ ಸಪ್ಪಳ?”

“ಟೀವಿ.”

“ಸಣ್ಣದ ಮಾಡ್ರಿ.”

ಅಂಬಾದಾಸ ಜನರ ನಡುವೆ ನುಗ್ಗಿ ಇಪ್ಪತ್ತು ಹೆಜ್ಜೆ ದೂರ ನಡೆದ. ಸದ್ದು ಸಣ್ಣದಾಯಿತು. “ಈಗ ಸರಿ ಆತು,” ಎಂದಳು ವಿಜಯಶ್ರೀ. ಅವನು ಮರಳಿ ಬಂದು ಇನ್ನೂ ಕಾಲು ಕಿಲೋ ಹೇಳಿದ.

ಅದು ಮುಗಿಯುವಷ್ಟರಲ್ಲಿ ಮತ್ತೆ ಫೋನು.

“ಅಂಬಾದಾಸರೇನ್ರಿ? ನಾ ಬೀದರದ ಮಲ್ಲಣ್ಣ. ಸಿಕಂದರಾಬಾದ್‌ಗೆ ಇಳದೀವಿ, ನಾನೂ ನಮ್ಮ ಮನಿಯಾಕಿ ಬಸಲಿಂಗಮ್ಮಾನೂ. ಬೂದೆಪ್ಪನ ಫೋನು ಹತ್ತವಲ್ದು. ಒಂದು ಮಾತು ಕೇಳಲೇನು? ಮಂದಿ ಹ್ಯಾಂಗದಾರ್ರಿ?”

“ಬಂಗಾರದಂಥಾ ಮಂದಿ. ಹುಡುಗಿಗಂತೂ ಸುಳ್ಳು ಅನ್ನೋದೇ ಗೊತ್ತಿಲ್ಲ.”

“ಲ್ಯಾಂಡ್‌ಲೈನ್ ಮನಶ್ಯಾ ಹೇಳಿದ ಮ್ಯಾಲ ಮುಗೀತು ಬಿಡ್ರಿ. ಬೂದೆಪ್ಪನ್ನ ಒಂದೀಟು ಕರೀರಿ, ನಾ ಹಿಡಕೊಂಡಿರ್ತೀನಿ.”

ಅಂಬಾದಾಸನ ಬಾಯಲ್ಲಿದ್ದ ಜಿಲೇಬಿ ಅಲ್ಲೇ ನಿಂತಿತು. ಬೂದೆಪ್ಪನ ಬಾಗಿಲಿಗೂ ಅವನಿಗೂ ನಡುವೆ ಅರ್ಧ ಹೈದರಾಬಾದು ಇತ್ತು. ಅವನು ಒಂದು ನಿಮಿಷ ನಿಂತಲ್ಲೇ ಕಾಲು ಬಡಿದು, ಏದುಸಿರು ಬಿಡುತ್ತ ಹೇಳಿದ: “ಅವರ ಮನಿಗೆ ಕೀಲಿ ಐತ್ರಿ. ಎಲ್ಲೋ ಹೊರಗ ಹೋಗ್ಯಾರ.”

“ಕೀಲಿ? ನಮ್ಮನ್ನ ಬರ್ರಿ ಅಂದು ಹೊರಗ ಹೋಗ್ಯಾರ?” ಮುದುಕರ ದನಿ ತಣ್ಣಗಾಯಿತು. “ಇರಲಿ. ಅವರು ಬರೂತನಾ ನಿಮ್ಮ ಮನ್ಯಾಗ ಕುಂದರ್ತೀವಿ. ನೀವಂತೂ ಮನ್ಯಾಗ ಅದೀರಲ್ಲ.”

ಫೋನು ಕಟ್ಟಾಯಿತು. ಅಂಬಾದಾಸ ಕೈ ಸಹ ಒರೆಸಿಕೊಳ್ಳದೆ ಓಡಿದ. ಆಟೋ ಸಿಕ್ಕಿತು, ದಾರಿ ಸಿಗಲಿಲ್ಲ. ತಾರ್ನಾಕದ ಹತ್ತಿರ ವಾಹನಗಳು ಅಂಟಿನುಂಡೆಯ ಹಾಗೆ ಒಂದಕ್ಕೊಂದು ಹತ್ತಿಕೊಂಡು ನಿಂತಿದ್ದವು. ಅಲ್ಲಿ ಮತ್ತೆ ಮಲ್ಲಣ್ಣ.

“ನಿಮ್ಮ ಬಾಗಿಲ ಮುಂದ ನಿಂತೀವಿ. ಬೂದೆಪ್ಪನವರೂ ಇಲ್ಲೇ ಅದಾರ, ಮುಂಜಾನಿಂದ ಎಲ್ಲೂ ಹೋಗಿಲ್ಲಂತ. ಒಳಗ ಫೋನ್ ಹೊಡಕೊಂಡಿದ್ದು ಕೇಳಿಸ್ತು, ನೀವ್ ಎತ್ತೀರಿ. ಆದ್ರ ಕೀಲಿ ಹೊರಗ ಐತಲ್ರೀ?”

“ಝಳಕಾ ಮಾಡಾಕತ್ತೀನ್ರಿ. ಬಂದೆ,” ಎಂದು ಅಂಬಾದಾಸ ಮೊಬೈಲನ್ನೇ ಬಂದ್ ಮಾಡಿದ.

ಓಣಿಯಲ್ಲಿ ಆಗಲೇ ಸಭೆ ಸೇರಿತ್ತು. “ಕಾಕಾ ಮನ್ಯಾಗ ಇಲ್ಲ. ಮೂರಕ್ಕ ಬಿಳೀ ಬೂಟ್ ಹಾಕ್ಕೊಂಡು ಹೋಗಿದ್ದು ನಾನೇ ನೋಡೀನಿ,” ಎಂದು ಸುವರ್ಣಾ ಹೇಳಿದರೆ ಅವಳ ತಾಯಿ ಗುಂಡಮ್ಮ ಗದರಿದಳು. “ಸುಮ್ಕಿರ. ಫೋನ್ ಯಾರು ಎತ್ತಿದ್ರು ಹಂಗಾರ, ದೆವ್ವಾ?” ಅರ್ಧ ತಾಸಾಯಿತು. ಈಗ ಫೋನನ್ನೂ ಯಾರೂ ಎತ್ತಲಿಲ್ಲ. ಗುಂಡಮ್ಮನಿಗೆ ಎಲ್ಲವೂ ತಿಳಿದುಹೋಯಿತು. “ಮಿಠಾಯಿ ತಿಂತಾರಂತ ವಿಜಯಶ್ರೀ ಗಂಡನ್ನ ಒಳಗ ಕೂಡಿ ಕೀಲಿ ಹಾಕ್ಕೊಂಡು ಹೋಗ್ಯಾಳ. ಪಾಪ, ಸಕ್ಕರಿ ಇಳದು ಬಚ್ಚಲದಾಗ ಬಿದ್ದಾರ. ಒಡೀರಿ ಕೀಲಿ.”

ಬೂದೆಪ್ಪ ಕಲ್ಲು ತಂದ.

ಅದೇ ಹೊತ್ತಿಗೆ ಅಂಬಾದಾಸ ಹಿಂದಿನ ಸಂದಿಯಿಂದ ಗೋಡೆ ಹತ್ತಿ ಹಿತ್ತಲಿಗೆ ಧುಮುಕಿದ. ಹಿತ್ತಲ ಬಚ್ಚಲಿಗೆ ನುಗ್ಗಿ, ಬೂಟು ಮೂಲೆಗೆ ಎಸೆದು, ತಲೆಯ ಮೇಲೆ ಎರಡು ಚೊಂಬು ನೀರು ಸುರಿದುಕೊಂಡ. ಮುಂಬಾಗಿಲ ಕೀಲಿ ಮುರಿದು, ಮನೆಯೆಲ್ಲ ಹುಡುಕಿ, ಮಂದಿ ಹಿತ್ತಲಿಗೆ ಬಂದಾಗ ಅವನು ಟವೆಲು ಸುತ್ತಿಕೊಂಡು ಹೊರಬಂದ.

“ಏನಾಗೇತಿ? ಚಂದಾ ಕೇಳಾವರು ಬರ್ತಾರಂತ ನಾನೇ ಹೊರಗಿಂದ ಕೀಲಿ ಹಾಕಿ, ಹಿಂದಿಂದ ಬಂದೀನಿ.”

“ಜೀವಾ ಉಳೀತಲ್ಲ,” ಎಂದು ಗುಂಡಮ್ಮ ಅವನನ್ನು ಒಳಗೆ ಕೂಡಿಸಿ, ಬೀಗರಿಗೆಂದು ಮಾಡಿದ ಶಿರಾ ತರಿಸಿದಳು. ಸಕ್ಕರೆ ಇಳಿದವನಿಗೆ ಮದ್ದು ಅದೇ. ಅರ್ಧ ಕಿಲೋ ಜಿಲೇಬಿಯ ಮೇಲೆ ಒಂದೊಂದೇ ತುತ್ತು ಶಿರಾ ಇಳಿಯುತ್ತಿತ್ತು. “ತಿನ್ರಿ, ತಿನ್ರಿ,” ಎಂದು ಬಸಲಿಂಗಮ್ಮ ಬೆನ್ನು ಸವರಿದಳು. “ನಿಮ್ಮಂಥಾವರ ಮಾತಿನ ಮ್ಯಾಲೇ ನಾವು ಈ ಮನಿತನಾ ನಂಬಿ ಬಂದೀವಿ.”

ಆಗ ಟೇಬಲ್ಲಿನ ಮೇಲಿನ ಫೋನು ಹೊಡೆದುಕೊಂಡಿತು. ಗುಂಡಮ್ಮ ಎತ್ತಿದಳು. ಫೋನಿನಲ್ಲಿ ಕೇಳಿದ್ದನ್ನು ಜೋರಾಗಿ ತಿರುಗಿ ಹೇಳುವುದು ಅವಳ ಅಭ್ಯಾಸ.

“ಹಾಂ, ಬೋಲೋ... ನುಮಾಯಿಷಿಂದ?... ಜಿಲೇಬಿ ಅಂಗಡಿ?... ಕೀಲಿಕೈ ಗೊಂಚಲದ ಮ್ಯಾಲ ಈ ನಂಬರ್ ಐತಂತ... ಯಾವ ಸಾಹೇಬ್ರು?... ಅರ್ಧ ಕಿಲೋ ತಿಂದು, ಕಟ್ಟಿ ಮ್ಯಾಲ ಕೀಲಿಕೈ ಬಿಟ್ಟು... ಬಿಳೀ ಬೂಟಿನ ಸಾಹೇಬ್ರು.”

ಅಂಬಾದಾಸ ಶಿರಾದ ತಟ್ಟೆ ಕೆಳಗಿಟ್ಟ. ಅವನು ಯಾರ ಮುಖವನ್ನೂ ನೋಡಲಾರದೆ ಕಾಲ ಬೆರಳು ನೋಡಿದ. ಜಿಲೇಬಿಯ ನಾಚಿಕೆ ದೊಡ್ಡದಲ್ಲ. ಮನೆಯಲ್ಲೇ ಇದ್ದವರ ಬಾಗಿಲಿಗೆ ತಾನು ಬಾಯಿಂದಲೇ ಕೀಲಿ ಹಾಕಿದ್ದ. ಸುವರ್ಣಾ ಗೋಡೆಗೆ ಒರಗಿ ನಿಂತಿದ್ದಳು, ಅವಳ ಸೀರೆಯ ಹೊಸ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಅದನ್ನು ಕಂಡು ಅವನು ಎಲ್ಲವನ್ನೂ ಹೇಳಿಬಿಟ್ಟ. ತಾಮ್ರದ ತಂತಿ, ಆ್ಯಪು, ನಿಂತಲ್ಲೇ ಕಾಲು ಬಡಿದದ್ದು, ಗೋಡೆ ಹಾರಿದ್ದು.

“ನನ್ನ ತಪ್ಪಿಗೆ ಅವರನ್ನ ಬಿಡಬ್ಯಾಡ್ರಿ,” ಎಂದು ಮಲ್ಲಣ್ಣನ ಮುಂದೆ ಒದ್ದೆ ಕೈ ಜೋಡಿಸಿದ.

ಮಲ್ಲಣ್ಣ ಮೀಸೆ ಸವರಿದರು. “ನಿಮ್ಮ ಮಾತು ಅಂತೂ ಹೋತು ಬಿಡ್ರಿ. ಆದ್ರ ಇಷ್ಟು ಮಂದ್ಯಾಗ ಖರೇ ಹೇಳಿದಾಕಿ ಈ ಹುಡುಗಿ ಒಬ್ಬಾಕಿ. ಅವ್ವ ಬೈದರೂ ಬಿಳೀ ಬೂಟು ಬಿಡಲಿಲ್ಲ. ನಮ್ಮ ಮೊಮ್ಮಗ ಗಗನಗ ಇಂಥಾಕೀನೇ ಬೇಕು.”

ಬೂದೆಪ್ಪನ ಮುಖ ಅರಳಿತು. ಅಂಬಾದಾಸನ ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ಗುಂಡಮ್ಮ ಅಷ್ಟರಲ್ಲೇ ಮೂಲೆಯಲ್ಲಿ ನಿಂತು ತನ್ನ ಮೊಬೈಲಿನಲ್ಲಿ ವಿಜಯಶ್ರೀಗೆ ತಂತಿ, ಆ್ಯಪು, ಜಿಲೇಬಿ ಎಲ್ಲವನ್ನೂ ಒಪ್ಪಿಸಿ ಮುಗಿಸಿದ್ದಳು, ಅವನು ಮನೆಗೆ ಮರಳಿದ್ದೊಂದನ್ನು ಬಿಟ್ಟು. ಟೇಬಲ್ಲಿನ ಫೋನು ಮತ್ತೆ ಹೊಡೆದುಕೊಂಡಿತು. ಎಲ್ಲರೂ ಅಂಬಾದಾಸನನ್ನೇ ನೋಡಿದರು. ಅವನು ಎತ್ತಿದ.

“ಎಲ್ಲಿ ಅದೀರಿ?”

“ಮನ್ಯಾಗ. ನಿನ್ನಾಣೆ.”

“ಮಂದಿ ಸಪ್ಪಳ ಕೇಳಸ್ತೈತಿ. ಟೀವಿ ಏನು?”

“ಟೀವಿ ಅಲ್ಲ, ಖರೇನ ಮಂದಿ. ಬೇಕಾದ್ರ ಬೂದೆಪ್ಪನ್ನ ಕೇಳು.” ಅಂಬಾದಾಸ ರಿಸೀವರನ್ನು ಬೂದೆಪ್ಪನ ಕೈಗಿಟ್ಟು, ದೇವರಿಗೆ ಮುಗಿಯುವಂತೆ ಕೈ ಮುಗಿದ.

ಬೂದೆಪ್ಪ ರಿಸೀವರ್ ಕಿವಿಗಿಟ್ಟುಕೊಂಡ. ಆಮೇಲೆ ಸಾವಕಾಶ ಹೇಳಿದ: “ವೈನಿ, ನಾನ್ರಿ ಬೂದೆಪ್ಪ. ನಾವಂತೂ ಮನಿಗೆ ಕೀಲಿ ಹಾಕಿ ಹೊರಗ ಹೋಗೀವ್ರಿ. ನಿಮ್ಮ ಯಜಮಾನ್ರೇ ಹೇಳ್ಯಾರಲ್ಲ. ಇವರು ಎಲ್ಲಿ ಅದಾರೋ ನಮಗೇನು ಗೊತ್ತು?”

ಅಂಬಾದಾಸ ರಿಸೀವರ್ ಕಸಿದುಕೊಂಡ. ಆ ಕಡೆಯಿಂದ ತಣ್ಣನೆಯ ದನಿ ಬಂತು.

“ಹಂಗಾದ್ರ ಬೂದೆಪ್ಪಣ್ಣನವರನ್ನೂ ನುಮಾಯಿಷಿಗೆ ಕರಕೊಂಡು ಹೋಗೀರಿ. ಆತು, ಆ ಜಿಲೇಬಿ ಅಂಗಡಿ ಮುಂದೇ ನಿಂದರ್ರಿ, ಅಲ್ಲಾಡಬ್ಯಾಡ್ರಿ. ನಾನೂ ಶೀತಲಾನೂ ಅಲ್ಲಿಗೇ ಬರಾಕತ್ತೀವಿ. ನೀವು ಅಲ್ಲಿ ಕಾಣಲಿಲ್ಲಂದ್ರ, ಮುಂದ ನಾ ಮನಿಗೇ ಬರಂಗಿಲ್ಲ.”

ಫೋನು ಕಟ್ಟಾಯಿತು. ಮುಂಬಾಗಿಲಲ್ಲಿ ಮುರಿದ ಕೀಲಿ ಜೋತಾಡುತ್ತಿತ್ತು. ಅಂಬಾದಾಸ ಬಚ್ಚಲಿಗೆ ಹೋಗಿ ಬಟ್ಟೆ ತೊಟ್ಟು, ಒದ್ದೆಯಾದ ಬಿಳಿ ಬೂಟು ಹಾಕಿಕೊಂಡ. ಹೆಂಡತಿ ಮುಟ್ಟುವುದಕ್ಕಿಂತ ಮೊದಲೇ ಆ ಅಂಗಡಿ ಮುಂದೆ ಹೋಗಿ ನಿಂತು ಅವಳ ಕೈಗೆ ಸಿಕ್ಕಿಬೀಳಬೇಕಾಗಿದ್ದರಿಂದ, ನಾಂಪಲ್ಲಿಗೆ ಜಲ್ದಿ ಹೋಗುವ ಆಟೋ ಹುಡುಕುತ್ತ ಓಡಿದ.